ಮಾಳವ್ವನಿಗೆ ಮಾರಿದ ಕೂಸು

ನನ್ನ ತಮ್ಮ ಹುಟ್ಟಿದ ಮೇಲೆ ನಮ್ಮ ಭಾಲ್ಕಿಯ ಮನೆಯಲ್ಲಿ ಅವನನ್ನು ತಮ್ಮ ಎಂದು ಕರೆಯುವಂತಿರಲಿಲ್ಲ. ಕರೆದರೆ ಆಯಿ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಕಮಠಾಣದಿಂದ ಸೊಸೆಯಾಗಿ ಬಂದು, ಕಾಲಕ್ರಮದಲ್ಲಿ ಮನೆಯ ಕೀಲಿಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡವಳು. ನನಗಿಂತ ಮೊದಲು ಒಂದು, ನನ್ನ ನಂತರ ಒಂದು, ಹೀಗೆ ಅವ್ವನ ಎರಡು ಗಂಡು ಕೂಸುಗಳು ಹಲ್ಲು ಬರುವ ಮೊದಲೇ ಹೋಗಿದ್ದವು. ಅದಕ್ಕಾಗಿ ಇದು ಹುಟ್ಟಿದ ಕೂಡಲೇ ಆಯಿ ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟಳು. ಹಿಂದಿನ ಓಣಿಯಲ್ಲಿ ಕುರಿ ಸಾಕಿಕೊಂಡಿದ್ದ ಮಾಳವ್ವ, ಮೊದಲೇ ಮಾತಾದಂತೆ, ದಾರಿಹೋಕಳ ಹಾಗೆ ಅತ್ತ ಬಂದಳು.

"ಯಾರದಿದು ಕೂಸು?"

"ಯಾರದೋ ಏನೋ. ಬೇಕಿದ್ರ ಒಯ್ಯಿ."

ಒಂದು ಮೊರ ತೌಡು ಸುರಿದು ಮಾಳವ್ವ ಕೂಸನ್ನು ಕೊಂಡಳು. ತಿಪ್ಪೆಯಲ್ಲಿ ಸಿಕ್ಕದ್ದಕ್ಕೆ ತಿಪ್ಪಣ್ಣ ಎಂದು ಹೆಸರಾಯಿತು. ಸಾವು ಹುಡುಕಿಕೊಂಡು ಬಂದರೆ, ಈ ಮನೆಯಲ್ಲಿ ಗಂಡು ಕೂಸೇ ಇಲ್ಲವೆಂದು ತಿಳಿದು ತಿರುಗಿ ಹೋಗಬೇಕು. ಇದೇ ಅದರ ಹಿಂದಿನ ಹಿಕಮತ್ತು. ಮುಂದೆ ಕೂಸು ಗಟ್ಟಿಯಾದ ಮೇಲೆ ಮಾಳವ್ವನಿಂದ ಮರಳಿ ಕೊಳ್ಳಬೇಕು. ಅಲ್ಲಿಯತನಕ ಅದು ಅವಳದೇ. ನಾನು ಜನ್ಮವಿಡೀ ಕೊಟ್ಟು ತೆಗೆದುಕೊಂಡು ಮಾಡಿದವಳು, ಬೀದರದ ಗಂಜ್ ಪೇಟೆಯಲ್ಲಿ ಗಂಡಸರ ನಡುವೆ ಕೂತು ಬಾಣಂತಿ ಸಾಮಾನಿನ ಅಂಗಡಿ ನಡೆಸಿದವಳು. ಆದರೆ ನಾನು ಕಂಡ ಮೊದಲ ವ್ಯಾಪಾರದಲ್ಲೇ ಸಾಮಾನು ಕೊಂಡವಳ ಮನೆಗೆ ಹೋಗದೆ ಮಾರಿದವರ ಮನೆಯಲ್ಲೇ ಉಳಿಯಿತಲ್ಲ, ಅದು ಹೇಗೆ ಎಂದು ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ಈ ಸುಳ್ಳು ಎಲ್ಲರಿಗಿಂತ ಅವ್ವನಿಗೆ ಭಾರವಾಗಿತ್ತು. ಹಾಲೂಡಿಸುವವಳು ಅವಳೇ, ಆದರೆ ಯಾರಾದರೂ ಬಂದರೆ "ಮಾಳವ್ವನ ಕೂಸಿಗಿ ಹಾಲು ಕೊಡ್ತೇನಿ, ಪಾಪ ಅಕೀಗಿ ಹಾಲಿಲ್ಲ" ಎನ್ನಬೇಕು. ದಿಟ್ಟಿಸಿ ನೋಡುವಂತಿಲ್ಲ, ಮುದ್ದು ಮಾಡುವಂತಿಲ್ಲ. ಮಾಳವ್ವ ದಿನಾಲು ಕುರಿ ಬಿಡುವ ಮುನ್ನ ಬಂದು, ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಊರಿಗೆಲ್ಲ ಕೇಳುವಂತೆ "ನನ್ನ ಮಗ, ನನ್ನ ರಾಜಾ" ಎನ್ನುತ್ತಿದ್ದಳು. ಆಗ ಅವ್ವ ಅತ್ತ ತಿರುಗಿ ಜೋಳ ಹಸನು ಮಾಡುತ್ತಿದ್ದಳು. ಹಸನಾದ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು. ನಾನು ಒಮ್ಮೆ ನೇರವಾಗಿ ಕೇಳಿಯೇಬಿಟ್ಟೆ.

"ಅವ್ವಾ, ತಿಪ್ಪಣ್ಣ ಯಾರಂವ?"

"ಮಾಳವ್ವನಂವ."

"ಮತ್ತ ನಿನ್ನ ಮೂಗು ಯಾಕ ಬಂದದ ಅವಂಗ?"

"ಮೂಗು ಎಲ್ಲರಿಗೂ ಇರ್ತದ. ಹೋಗು, ನೀರು ತಾ."

ಇಷ್ಟಾದರೂ, ನಮ್ಮದಲ್ಲದ ಆ ಕೂಸಿನ ಹೊಟ್ಟೆಗೆ ಏನು ಹೋಗಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದಷ್ಟು ಜಗಳ ಯಾವ ಹಕ್ಕುದಾರರ ನಡುವೆಯೂ ನಡೆದಿರಲಿಕ್ಕಿಲ್ಲ. ಬಚ್ಚಲಲ್ಲಿ ಆಯಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹಾಕುವಳು. ಬೆಂಕಿಯ ಮೇಲೆ ಲೋಬಾನ ಹಾಕಿ, ಆ ಹೊಗೆಯಲ್ಲಿ ಮೈ ಆರಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವಳು. ಆಮೇಲೆ ಗುಟ್ಟಿ. ಬಜೆ, ಅಳಲೆಕಾಯಿ, ಒಣಶುಂಠಿ, ಅರಿಶಿನದ ಕೊಂಬು, ಜಾಯಿಫಳ ಎನ್ನುವ ಜಾಜಿಕಾಯಿ, ಇವನ್ನೆಲ್ಲ ಒಂದೊಂದಾಗಿ ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇಯ್ದು, ಆ ಗಂಧದಂಥ ರಸವನ್ನು ಬೆರಳಿನಿಂದ ಕೂಸಿನ ನಾಲಿಗೆಗೆ ಹಚ್ಚುವುದು. ಯಾವುದನ್ನು ಎಷ್ಟು ತೇಯಬೇಕು ಎಂಬುದು ತವರಿಂದ ತವರಿಗೆ ಬೇರೆ. ಅವ್ವ ಔರಾದ ಕಡೆಯ ಎಕಂಬಾದವಳು. ಅಲ್ಲಿ ಜಾಯಿಫಳಕ್ಕೆ ಮಾನ. ಆಯಿಯ ಕಮಠಾಣದಲ್ಲಿ ಬಜೆಯೇ ದೊಡ್ಡದು.

"ನಿಮ್ಮ ಎಕಂಬಾದಾಗ ಜಾಯಿಫಳ ಅನ್ನದಂಗ ತಿನ್ನಸ್ತಾರ," ಎನ್ನುವಳು ಆಯಿ.

"ನಿಮ್ಮ ಕಮಠಾಣದಾಗ ಬಜಿ ತೇಯ್ದು ತೇಯ್ದು ಕಲ್ಲೇ ಸವದಾವಂತ್ರಿ ಅತ್ತಿ," ಎನ್ನುವಳು ಅವ್ವ, ತಗ್ಗಿದ ದನಿಯಲ್ಲಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ.

ಅಪ್ಪ ಒಮ್ಮೆ ನಡುವೆ ಬಾಯಿ ಹಾಕಿದ. "ಮಾಳವ್ವನ ಕೂಸಿಗಿ ನೀವಿಬ್ಬರು ಯಾಕ ಗುದ್ದಾಡ್ತೀರಿ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಅವನಷ್ಟು ಜಾಣ ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕೂಸು ಬೋರಲು ಬೀಳುವ ಹೊತ್ತಿಗೆ ಇನ್ನೊಂದು ತಕರಾರು ಹುಟ್ಟಿತು: ಮೊದಲ ಉಣಿಸು ಏನು, ಯಾರ ಕೈಯಿಂದ? ಜೋಳದ ಅಂಬಲಿಯ ಮೇಲಿನ ತಿಳಿ ಎಂದಳು ಆಯಿ. ಅಕ್ಕಿ, ಹೆಸರುಬೇಳೆ ಎಂದಳು ಅವ್ವ. ಜೋಳದ ಸೀಮೆಯಲ್ಲಿ ಅಕ್ಕಿಯೆಂದರೆ ಹಬ್ಬಕ್ಕೆ; ಅದನ್ನು ತಿಪ್ಪೆಯ ಮೇಲಿನ ಕೂಸಿಗೆ ಬೇಯಿಸಿದರೆ ಸಾವಿಗೆ ಸಂಶಯ ಬರುತ್ತದೆ ಎಂಬುದು ಆಯಿಯ ವಾದ. ಇನ್ನು ಕೈ ಯಾರದು ಎಂದರೆ ಮಾಳವ್ವನದು, ಕೊಂಡವಳು ಅವಳಲ್ಲವೇ. ಅದನ್ನು ಕೇಳಿದ ದಿನ ಅವ್ವ ಊಟ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ನನಗೆ ಹೊಳೆಯಲಿಲ್ಲ. ಅವಳೇ ಹೇಳಿದ್ದಳಲ್ಲ, ಮಾಳವ್ವನಂವ ಎಂದು.

ಆ ದಿನಗಳಲ್ಲೇ ಬುಟ್ಟಿ ಹೊತ್ತು ಊರೂರು ತಿರುಗಿ ಬೇರು, ಭಸ್ಮ ಮಾರುವ ಹೆಂಗಸೊಬ್ಬಳು ನಮ್ಮ ಕಟ್ಟೆಗೆ ಬಂದಳು. ಆಯಿ ಚೌಕಾಸಿ ಮಾಡುವುದನ್ನು ನಾನು ಕಣ್ಣಿಗೆ ರೆಪ್ಪೆ ಹಚ್ಚದೆ ನೋಡುತ್ತಿದ್ದೆ. ನನ್ನ ಅನ್ನದ ದಾರಿ ಅದೇ ಆಗುವುದಿತ್ತು. ಮೊದಲು ಬೇಕಾದ ವಸ್ತುವನ್ನು ಬಿಟ್ಟು ಬೇರೆಯದರ ದರ ಕೇಳಿದಳು. ಅದರ ಹುಳುಕು ತೋರಿಸಿದಳು. ಎದ್ದು ಒಳಗೆ ಹೋಗಿ, ಕೆಲಸವಿದ್ದವಳಂತೆ ತಿರುಗಿ ಬಂದು, ಆಮೇಲೆ ಬುಟ್ಟಿಯ ಮೂಲೆಯಲ್ಲಿದ್ದ ಕರಿ ಗುಳಿಗೆಗಳ ಕಡೆ ಗಲ್ಲ ಎತ್ತಿ "ಇವು ಏನಿವು, ಕುರಿ ಹಿಕ್ಕಿ?" ಎಂದಳು. ಕೊನೆಗೆ ಹಳೆಯ ಸೀರೆಯೊಂದಕ್ಕೆ ಒಂದು ಮುಷ್ಟಿ ಗುಳಿಗೆ ಇಳಿಸಿಕೊಂಡು, ಮೇಲೆ ಇನ್ನೊಂದು ಚಿಟಿಕೆ ಹಾಕಿಸಿಕೊಂಡಳು. ಎಂಥ ವ್ಯಾಪಾರ ಎಂದು ನಾನು ಹಿಗ್ಗಿದೆ. ಯಾತಕ್ಕೆ ಎಂದು ಕೇಳಿದರೆ ತನ್ನ ಮಂಡಿನೋವಿಗೆ ಎಂದಳು. ಆ ಗುಳಿಗೆಯ ಒಳಗೆ ಏನಿದೆ ಎಂದು ಮಾತ್ರ ಅವಳು ಕೇಳಲಿಲ್ಲ. ನೀವು ಏನನ್ನೇ ಕೊಳ್ಳಿರಿ, ಒಳಗೇನಿದೆ ಎಂದು ಮೊದಲು ಕೇಳಿ, ದರ ಆಮೇಲೆ ಕೇಳಿ. ಉತ್ತರ ಹೇಳಲು ತಡಬಡಿಸುವವನ ಹತ್ತಿರ ಪುಕ್ಕಟೆ ಕೊಟ್ಟರೂ ಬೇಡ.

ಅಪ್ಪ ತೊಗರಿಯ ಬಂಡಿ ಹೊಡೆಸಿಕೊಂಡು ಬೀದರಕ್ಕೆ ಹೋಗಿದ್ದ ದಿನ. ತಿಪ್ಪಣ್ಣ ಹಲ್ಲಿನ ಬಾಧೆಗೆ ಹಟ ಹಿಡಿದು, ಮನೆಯವರೆಲ್ಲರ ನಿದ್ದೆ ಹೋಗಿ, ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ. ಮುಂಜಾನೆ ಎರೆದಾದ ಮೇಲೆ ಅವನನ್ನು ಮಾಳವ್ವ ತನ್ನ ಮನೆಗೆ ಒಯ್ದು, ಸ್ವಲ್ಪ ಹೊತ್ತಿಗೆ ತಂದು ತೊಟ್ಟಿಲಲ್ಲಿ ಹಾಕಿ ಕುರಿಗಳ ಹಿಂದೆ ಹೋದಳು. ಕೂಸು ಮಲಗಿತು. ಮನೆ ಎಷ್ಟು ತಣ್ಣಗಾಯಿತೆಂದರೆ ಆಯಿ, ಅವ್ವ ಇಬ್ಬರೂ ಜಗಳ ಮರೆತು ಒಟ್ಟಿಗೆ ಕೂತು ರೊಟ್ಟಿ ತಿಂದರು. ಮಧ್ಯಾಹ್ನವಾಯಿತು. ಅವ್ವನ ಕುಪ್ಪಸ ಹಾಲಿನಿಂದ ನೆನೆಯಿತು. ಅವಳು ಹೋಗಿ ಎತ್ತಿಕೊಂಡಳು; ಕೂಸು ಕಣ್ಣು ತೆರೆಯಲಿಲ್ಲ. ಎದೆಗೆ ಹಚ್ಚಿದಳು, ಬಾಯಿ ಹಿಡಿಯಲಿಲ್ಲ. ಅಂಗಾಲು ತಿಕ್ಕಿದಳು, ಕಿವಿಯ ಹತ್ತಿರ ಚಿಟಿಕೆ ಹೊಡೆದಳು. ತಲೆ ಒಂದು ಕಡೆ ವಾಲಿತು, ಅಷ್ಟೇ.

"ಅತ್ತಿ, ಕೂಸು ಏಳವಲ್ದು ನೋಡ್ರಿ."

"ಮಲಗಲಿ ಬಿಡು. ಮಲಗಿದ್ದಕ್ಕೂ ಅಂಜತಿ, ಎದ್ದಿದ್ದಕ್ಕೂ ಅಂಜತಿ," ಎಂದಳು ಆಯಿ. ಆದರೆ ಹೇಳುತ್ತಲೇ ಎದ್ದು ಬಂದಳು, ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು, ನನ್ನ ಕಡೆ ತಿರುಗಿದಳು. "ಚನ್ನಿ, ಓಡು. ಅಯ್ಯನೋರನ್ನ ಕರಕೊಂಡು ಬಾ. ಮಾಳವ್ವನ ಕೂಸಿಗಿ ಸುಸ್ತಾಗ್ಯಾದ ಅನ್ನು."

ಅಯ್ಯನವರು ಮಠದ ಓಣಿಯಲ್ಲಿದ್ದ ವೈದ್ಯರು. ಬೇರು ನಾರಿನ ವಿದ್ಯೆಯನ್ನು ತಂದೆಯಿಂದ ಕಲಿತವರು. ಮಾತು ಒರಟು, ಕೈ ಮೃದು. ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಮಾಳವ್ವ ನನ್ನ ಓಟ ಕಂಡು ತಾನೂ ಹಿಂದೆ ಬಂದಳು. ಅಯ್ಯನವರು ಕೂಸಿನ ಎದೆಗೆ ಕಿವಿ ಇಟ್ಟು ಕೇಳಿದರು, ಬಾಯಿ ಮೂಸಿದರು, ಬಹಳ ಹೊತ್ತು ಉಸಿರಾಟವನ್ನೇ ನೋಡಿದರು. ಉಸಿರು ಬರುತ್ತಿತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾನು ಉಸಿರು ಬಿಗಿಹಿಡಿಯುವಷ್ಟು ಬಿಡುವು.

"ಏನು ಕೊಟ್ಟೀರಿ ಇದಕ್ಕ?"

"ನಮಗೇನು ಗೊತ್ರಿ ಅಯ್ಯನೋರ, ನಮ್ಮ ಕೂಸಲ್ಲ," ಎಂದಳು ಆಯಿ. "ಕೂಸಿನಾಕಿನ್ನ ಕೇಳ್ರಿ." ಮಾಳವ್ವನನ್ನು ತೋರಿಸಿದಳು.

"ಅಯ್ಯ, ನಾ ಹೆಸರಿಗಿ ಅವ್ವ ಅದೀನ್ರಿ. ಇರೋದು ಇವರ ಮನ್ಯಾಗ, ಕುಡಿಯೋದು ಇವರ ಹಾಲು," ಎಂದಳು ಮಾಳವ್ವ.

ಅವ್ವ ಕೂಸಿನ ಅಂಗಾಲು ತಿಕ್ಕುತ್ತಲೇ ಇದ್ದಳು. ಹಾಲು ಕೊಡುವ ಹೆಂಗಸಿಗೆ ಹೇಳಲು ಏನಿರುತ್ತದೆ?

ಅಯ್ಯನವರು ಮೂವರನ್ನೂ ನೋಡಿದರು. "ಕೊರಳಾಗ ಲಿಂಗ ಕಟ್ಟೀರಿ. ಕಟ್ಟಿ ಮತ್ತ ತಿಪ್ಪಿಗಿ ಯಾಕ ಒಯ್ದಿರಿ? ಅದರ ಮ್ಯಾಲೂ ಭರೋಸಾ ಇಲ್ಲ, ಇದರ ಮ್ಯಾಲೂ ಇಲ್ಲ. ಕೇಳ್ರಿ ಇಲ್ಲಿ. ಬಾಯಾಗ ಜಾಯಿಫಳದ ವಾಸನಿ ಬರ್ತದ. ಬರೇ ಅದೇ ಇದ್ರ ಬೆಚ್ಚಗ ಸುತ್ತಿ ಮಲಗಸೋದು, ನಿದ್ದಿ ತಾನೇ ಇಳೀತದ. ಅಫೀಮು ಹೋಗಿದ್ರ ಮಲಗಸಬಾರ್ದು. ಮಲಗಿದ್ರ ಉಸಿರಾಡೋದ ಮರೀತದ. ಒಂದು ದಾರಿ ಪೂರ್ವಕ್ಕ, ಒಂದು ದಾರಿ ಪಶ್ಚಿಮಕ್ಕ. ಯಾವುದು ಹಿಡೀಲಿ ಹೇಳ್ರಿ. ಯಾರದೂ ಅಲ್ಲದ ಕೂಸಿಗಿ ನಾ ಹ್ಯಾಂಗ ಮದ್ದು ಮಾಡ್ಲಿ?"

ಆಯಿ ಹೊಸ್ತಿಲ ಕಡೆ ನೋಡಿದಳು. ನನಗೆ ತಲೆಯೆಲ್ಲ ಗೋಜಲು. ಕೊಟ್ಟೆ ಎಂದರೆ ತನ್ನದೆಂದು ಒಪ್ಪಿಕೊಂಡಂತೆ. ತನ್ನದೆಂದರೆ ಹೊಸ್ತಿಲ ಹೊರಗೆ ಕಿವಿಕೊಟ್ಟು ನಿಂತ ಸಾವು ಒಳಗೆ ಬಂದು ಕೂಸನ್ನು ಒಯ್ಯುತ್ತದೆ. ಹೇಳದಿದ್ದರೂ ಕೂಸು ಹೋಗುತ್ತದೆ. ಇಂಥ ಲೆಕ್ಕದಲ್ಲಿ ಉಳಿಯುವುದು ಯಾವ ಕಡೆಗೆ? ನಾನು ಅವ್ವನ ಮುಖ ನೋಡಿದೆ. ಹುಟ್ಟಿದಾಗಿನಿಂದ ನೋಡಬಾರದೆಂದು ಆಯಿ ಕಲಿಸಿದ್ದ ಆ ಕೂಸನ್ನು ಅವಳು ನೆಟ್ಟಗೆ ನೋಡುತ್ತಿದ್ದಳು.

"ಕೂಸು ನಂದದ್ರಿ ಅಯ್ಯನೋರ," ಎಂದಳು. "ನಾ ಹಡದೀನಿ. ಮಾಳವ್ವ ತೊಟ್ಟಿಲಾಗ ಹಾಕಿ ಹೋದ ಮ್ಯಾಲ ಜಾಯಿಫಳ ನಾನೇ ತೇಯ್ದು ಹಚ್ಚೀನಿ. ಅತ್ತಿಯವರಿಗಿ ಗೊತ್ತಾಗಬಾರ್ದು ಅಂತ ಅಡಗಿಮನ್ಯಾಗ ತೇಯ್ದೆ."

ಆಯಿ ಧಾವಿಸಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಬಾಯಿ ಮುಚ್ಚು ಹುಡುಗಿ. ಕೇಳಿಸ್ಕೋತದ ಅದು."

ಅವ್ವ ಆ ಕೈ ಹಿಡಿದು ಕೆಳಗಿಳಿಸಿದಳು. ಅತ್ತೆಯ ಕೈ ಅವಳು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಕೇಳಿಸ್ಕೊಳ್ಳಲ್ರಿ ಅತ್ತಿ. ಒಯ್ಯೋದಿದ್ರ ಮನಿ ಪತ್ತಾ ಕೇಳಿಕೊಂಡು ಬರ್ತದೇನ್ರಿ ಅದು? ನೀವೇನು ಕೊಟ್ಟೀರಿ ಹೇಳ್ರಿ."

ಮೊದಲು ಮಾಳವ್ವ ಅಳುತ್ತ, ತಾನು ಗಸಗಸೆ ತೇಯ್ದು ಜರಾ ನೆಕ್ಕಿಸಿದ್ದೇನೆ ಎಂದಳು. ಮಗು ಅಳುತ್ತಿತ್ತು, ಹಡೆದವಳಿಗೆ ಒಂದು ಗಳಿಗೆ ನಿದ್ದೆಯಾಗಲಿ ಎಂದು. ಆಮೇಲೆ ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಗೋಡೆ ನೋಡಿದಳು. ನಂತರ ಒಳಗೆ ಹೋಗಿ, ಜೋಳ ತುಂಬಿಡುವ ವಾಡೆಯ ಸಂದಿಯಿಂದ ಒಂದು ಡಬ್ಬಿ ತಂದು ಅಯ್ಯನವರ ಮುಂದಿಟ್ಟಳು. "ಮಾಳವ್ವನ ಕೂಸಿಗಿ ಮುಂಜಾನಿ ಒಂದು ಗುಳಿಗಿ ಕೊಟ್ಟೀನ್ರಿ," ಎಂದಳು. ಅಷ್ಟು ಹೊತ್ತಿನಲ್ಲೂ ತನ್ನದೆನ್ನಲಿಲ್ಲ. ಅಯ್ಯನವರು ಗುಳಿಗೆ ಮುರಿದು ಮೂಸಿ, ನಾಲಿಗೆಗೆ ಹಚ್ಚಿ ಉಗುಳಿದರು.

"ಅಫೀಮು. ಎಬ್ಬಿಸ್ರಿ ಕೂಸಿನ್ನ. ಕಣ್ಣು ಮುಚ್ಚಗೊಡಬ್ಯಾಡ್ರಿ. ಬಾಯಾಗ ಹನಿ ನೀರೂ ಹಾಕಬ್ಯಾಡ್ರಿ, ನುಂಗೋ ಶಕ್ತಿ ಇಲ್ಲ ಅದಕ್ಕ."

ಆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ನಡೆದದ್ದನ್ನು ಹೊರಗಿನವರು ನೋಡಿದ್ದರೆ ಹುಚ್ಚರ ಮನೆ ಎನ್ನುತ್ತಿದ್ದರು. ಅವ್ವ ಕೂಸನ್ನು ಭುಜಕ್ಕೆ ನೆಟ್ಟಗೆ ಹಿಡಿದು ತಿರುಗುವಳು. ಅವಳ ಕೈ ಸೋತರೆ ಮಾಳವ್ವ, ಮಾಳವ್ವ ಸೋತರೆ ಆಯಿ. ಅಯ್ಯನವರು ಒದ್ದೆ ಬಟ್ಟೆಯಿಂದ ಮುಖ ಒರೆಸುವರು, ಅಂಗಾಲಿಗೆ ಬೆರಳಿನಿಂದ ಚಿಮ್ಮುವರು, ಎದೆಯ ಮೇಲಿನ ಕೈ ತೆಗೆಯದೆ ಉಸಿರು ಕಾಯುವರು. ನನ್ನ ಪಾಲಿಗೆ ತಾಟು ಬಡಿಯುವ ಕೆಲಸ. ಬಡಿಯುತ್ತ ಬಡಿಯುತ್ತ ನಾನು ಅವನನ್ನು ಏನೆಂದು ಕರೆಯಬೇಕು ಎಂದು ತಿಳಿಯದೆ ಒಮ್ಮೆ ತಮ್ಮಾ ಎಂದೂ, ಆಯಿ ಹತ್ತಿರ ಬಂದಾಗ ತಿಪ್ಪಣ್ಣಾ ಎಂದೂ ಕೂಗುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವನು ಮುಖ ಸಿಂಡರಿಸಿದ. ಆಮೇಲೆ ಬಾಯಿ ಅಗಲ ಮಾಡಿ, ಸಿಟ್ಟಿನಿಂದ, ಮನೆಯ ಮಾಳಿಗೆಯ ಮಣ್ಣು ಉದುರುವಂತೆ ಅತ್ತ. ಮುಂಜಾನೆ ಯಾವ ಅಳುವನ್ನು ನಿಲ್ಲಿಸಲು ಎಲ್ಲರೂ ಕದ್ದು ಕದ್ದು ಮದ್ದು ತೇಯ್ದಿದ್ದರೋ ಅದೇ ಅಳು. ಅದನ್ನು ಕೇಳಿ ಮಾಳವ್ವ ನೆಲದ ಮೇಲೆ ಕೂತುಬಿಟ್ಟಳು.

ಇಷ್ಟಕ್ಕೆ ಎಲ್ಲ ತಿಳಿಯಾಯಿತು ಎಂದು ನೀವು ತಿಳಿದರೆ ತಪ್ಪು. ನಮ್ಮ ಮನೆ ಇನ್ನೂ ಹೆಚ್ಚು ಗೊಂದಲಕ್ಕೆ ಬಿತ್ತು. ಅವ್ವ ತನ್ನದೆಂದು ಹೇಳಿಬಿಟ್ಟಿದ್ದಾಳೆ. ಹಾಗಾದರೆ ಮಾರಿದ್ದು ಮುರಿಯಿತೇ? ಮುರಿದಿಲ್ಲ, ಬಾಣಂತಿಯ ಬಾಯಿತಪ್ಪಿನ ಮಾತು ಎಂದಳು ಆಯಿ. ಸಾವು ಅದನ್ನು ಕೇಳಿಸಿಕೊಂಡಿದೆಯೋ ಇಲ್ಲವೋ ಎಂದು ಅವಳು ಹಲವು ದಿನ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಬೀದರದಿಂದ ಬಂದ ಅಪ್ಪ ಎಲ್ಲ ಕೇಳಿ, ಗುಳಿಗೆಯ ಡಬ್ಬಿಯನ್ನು ಒಲೆಗೆ ಹಾಕಿ, ಕೂಸಿನ ಹತ್ತಿರ ಕೂತ. ತಿಪ್ಪಣ್ಣ ಉಳಿದದ್ದು ತಿಪ್ಪೆಯ ಸುಳ್ಳಿನಿಂದ ಎಂದು ಆಯಿ ಸಾಯುವವರೆಗೆ ಹೇಳಿದಳು. ನಿಜ ಹೇಳಿದ್ದರಿಂದ ಎಂದು ಅವ್ವ ಹೇಳಿದಳು. ಅವನು ಮೊಮ್ಮಕ್ಕಳನ್ನು ಕಂಡ. ನನಗೆ ಕೇಳಿದರೆ ಅವನ ಹಣೆ ಗಟ್ಟಿ ಎನ್ನುತ್ತೇನೆ. ಆದರೆ ಹಾಗೆನ್ನುವುದು ಏನೂ ತಿಳಿಯದವರು.

ತಿಳಿದಿರುವ ಒಂದಿಷ್ಟನ್ನು ಹೇಳಿಬಿಡುತ್ತೇನೆ, ಕೂಸಿದ್ದವರು ಕೇಳಿರಿ. ನಾನು ಜಾಯಿಫಳ ಮಾರಿದವಳು, ಆದರೆ ಕೂಸಿನ ನಾಲಿಗೆಗೆ ಎಂದವರಿಗೆ ಕೊಡುತ್ತಿರಲಿಲ್ಲ; ನಾ ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದು ಗೊತ್ತಿದ್ದೂ. ಇಂದಿನ ಡಾಕ್ಟರರು ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಗುಟ್ಟಿಯೂ ಬೇಡ, ವರ್ಷ ತುಂಬುವವರೆಗೆ ಜೇನು ಸಹ ನೆಕ್ಕಿಸಬೇಡಿ ಎನ್ನುತ್ತಾರೆ. ಕೇಳಿರಿ ಅವರ ಮಾತು. ಕೂಸು ಎಬ್ಬಿಸಿದರೂ ಏಳದಿದ್ದರೆ ಮನೆಯಲ್ಲಿ ತಾಟು ಬಡಿಯುತ್ತ ಕೂಡಬೇಡಿ, ದವಾಖಾನೆಗೆ ಓಡಿರಿ. ಏನು ಕೊಟ್ಟಿದ್ದೀರೋ ಅದನ್ನು ನಾಚದೆ ಹೇಳಿರಿ.

ಅಯ್ಯನವರು ಗುಟ್ಟಿಯನ್ನು ಬಿಲ್ಕುಲ್ ಬಿಡಿಸಿದರು. ಕೂಸು ಆಸರೆಯಿಂದ ಕೂತು, ನಾವು ಉಣ್ಣುವಾಗ ಬಾಯಿ ಚಪ್ಪರಿಸಲು ಶುರು ಮಾಡಿದ ಮೇಲೆ ಮೊದಲ ಉಣಿಸು ಎಂದರು. ಹುರಿದ ಹಳೆಯ ಅಕ್ಕಿ, ಸಿಪ್ಪೆ ತೆಗೆದ ಹೆಸರುಬೇಳೆ, ಎರಡನ್ನೂ ಮೆತ್ತಗೆ ಬೇಯಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಉಪ್ಪಿಲ್ಲ, ಬೆಲ್ಲವಿಲ್ಲ. ಒಂದು ಒಗ್ಗಿದ ಮೇಲೆ ಇನ್ನೊಂದು. ಜೋಳದ ಅಂಬಲಿಗೂ ಕಾಲ ಬರುತ್ತದೆ ಎಂದು ಆಯಿಯ ಮಾನವನ್ನೂ ಉಳಿಸಿದರು.

ಉಣಿಸುವ ದಿನ ಮಾಳವ್ವ ತಲೆ ಎರೆದುಕೊಂಡು ಬಂದಳು. ಮೊದಲ ತುತ್ತಿನ ಹಕ್ಕು ಅವಳದೇ ಎಂದು ಆಯಿ ಪಟ್ಟು ಹಿಡಿದಿದ್ದಳು, ಅವ್ವ ಎದುರಾಡಿರಲಿಲ್ಲ. ಅವ್ವ ಬಾಗಿಲ ಹತ್ತಿರ ನಿಂತಿದ್ದಳು, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ಮಾಳವ್ವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಟ್ಟಲಲ್ಲಿ ಬೆರಳು ಅದ್ದಿದಳು. ಅದ್ದಿದ ಬೆರಳನ್ನು ಹಾಗೇ ಹಿಡಿದುಕೊಂಡು ಕೂತಳು.

"ಯಾಕ, ಉಣಿಸು," ಎಂದಳು ಆಯಿ.

"ಇದರಾಗ ಏನೇನು ಹಾಕ್ಯಾರ, ಬೇಯಿಸಿದಾಕಿ ಹೇಳಲ್ರಿ ಅಮ್ಮಾವ್ರ. ಹೇಳದ ಹೊರತು ನಾ ಇನ್ನ ಯಾರ ಕೂಸಿಗೂ ಏನೂ ಉಣಸಂಗಿಲ್ಲ," ಎಂದಳು ಮಾಳವ್ವ. ಬೆರಳು ಒರೆಸಿಕೊಂಡು, ಬಟ್ಟಲನ್ನು ಅವ್ವನ ಕಡೆ ಚಾಚಿದಳು. "ಬಾ ಅಕ್ಕ. ನೀ ಬೇಯಿಸಿದ್ದು, ನೀನೇ ಹೇಳಿ ಉಣಿಸು."

ಅವ್ವ ಆಯಿಯ ಅಪ್ಪಣೆಗೆ ಕಾಯಲಿಲ್ಲ. ಬಂದು ಕೂತಳು, ಬಟ್ಟಲು ತೆಗೆದುಕೊಂಡಳು. ಬೆರಳಲ್ಲಿ ಚೂರು ತೆಗೆದು, ತೆರೆದ ಬಾಗಿಲಿನಾಚೆ ಓಣಿಯ ತನಕ ಕೇಳುವಂತೆ ಹೇಳಿದಳು:

"ಅಕ್ಕಿ. ಹೆಸರಬ್ಯಾಳಿ. ನೀರು. ಮತ್ತೇನಿಲ್ಲ. ಉಣಸಾಕತ್ತಾಕಿ ಇವನ ಅವ್ವ."

ತಿಪ್ಪಣ್ಣ ಅರ್ಧ ನುಂಗಿದ, ಅರ್ಧ ಗಲ್ಲದ ಮೇಲೆ ಹರಿಯಿತು. ನಾನು ಆಯಿಯನ್ನೇ ನೋಡುತ್ತಿದ್ದೆ. ಅವಳು ತನ್ನ ಸೀರೆಯ ಚುಂಗು ತೆಗೆದು ಆ ಗಲ್ಲ ಒರೆಸಿದಳು, ಬಟ್ಟಲನ್ನು ಅವ್ವನ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು, ಗೋಡೆಯ ಕಡೆ ಮುಖ ಮಾಡಿದಳು.

"ನನಗೇನೂ ಕೇಳಿಸಲಿಲ್ಲ," ಎಂದಳು. "ಇನ್ನೊಂದು ತುತ್ತು ಹಾಕು."